ಹೊಂಬಾಳಮ್ಮನ ಅರ್ಧ ಕತೆ

ಬೆಳಗಿನ ಆರೂ ಇಪ್ಪತ್ತು. ಮಂಡ್ಯದಿಂದ ಕೆರಗೋಡಿನ ಕಡೆ ಹೋಗುವ ಮೊದಲ ಬಸ್ಸು ನನ್ನನ್ನು ಇಳಿಸಿ ಹೋಗಿರುವ ಈ ಊರಿನಲ್ಲಿ ಎದ್ದವರೆಲ್ಲ ಹಾಲಿನ ಡೈರಿ ಮುಂದೆಯೇ ಇದ್ದಾರೆ. ಸಾಲಿನಲ್ಲಿ ಇಪ್ಪತ್ತೆರಡು ಜನ, ಇಪ್ಪತ್ತೆರಡು ಕ್ಯಾನು. ನಡುವೆ ಸೀರೆಯ ಮೇಲೆ ಗಂಡಸರ ಸ್ವೆಟರು ಹಾಕಿಕೊಂಡ ಹೆಂಗಸೊಬ್ಬರು ಮುಂದೆ ನಿಂತವಳ ಬೆನ್ನಿಗೆ ಬೆರಳಲ್ಲಿ ತಿವಿದು ವಿಚಾರಣೆ ನಡೆಸುತ್ತಿದ್ದಾರೆ.

"ನೆನ್ನೆ ಸಂಜೆ ನಿಮ್ಮನೇಲಿ ಅದೇನವ್ವ ಅಂಗೆ ಕಿರುಚ್ತಿದ್ವು?"

"ಟಿವಿ ರಿಮೋಟಿಗೆ ಕಣಕ್ಕ. ದೊಡ್ಡದು ಕೊಡ್ನಿಲ್ಲ, ಚಿಕ್ಕದು ಕಚ್ಬುಡ್ತು."

"ಎಲ್ಲಿಗ್ ಕಚ್ತು?"

"ತೊಡೆಗೆ."

"ಕೊನೇಗೆ ರಿಮೋಟು ಯಾರ ಕೈಗೆ ಓಯ್ತು?"

"ನಮ್ಮೆಜಮಾನ್ರ ಕೈಗೆ."

ಸ್ವೆಟರಿನ ಹೆಂಗಸು 'ಅದು ಗೊತ್ತಿದ್ದದ್ದೇ' ಎಂಬಂತೆ ತಲೆಯಾಡಿಸಿ, ಕ್ಯಾನನ್ನು ಕಾಲಿನಿಂದಲೇ ಒಂದು ಹೆಜ್ಜೆ ಮುಂದೆ ತಳ್ಳಿ, ಹಿಂದೆ ತಿರುಗಿ ಮುಂದಿನ ಮನೆಯ ಜಗಳಕ್ಕೆ ಕೈ ಹಾಕುತ್ತಾರೆ. ಇವರೇ ಹೊಂಬಾಳಮ್ಮ. ವಯಸ್ಸು ಐವತ್ತೇಳು. ಊರಿನ ಅಂಗನವಾಡಿಯಲ್ಲಿ ಇಪ್ಪತ್ತಮೂರು ವರ್ಷದಿಂದ ಸಹಾಯಕಿ. ನಾನು ಪರಿಚಯ ಹೇಳಿಕೊಳ್ಳಲು ಹತ್ತಿರ ಹೋದರೆ ಅವರ ಮೊದಲ ಮಾತು, "ಯಾರಪ್ಪ ನೀನು? ಸಾಲ್ನಲ್ಲಿ ಬಾ." ನನ್ನ ಹತ್ತಿರ ಹಾಲಿಲ್ಲ ಎಂದೆ. "ಆಲಿಲ್ದಿದ್ರೆ ಡೈರಿಗ್ಯಾಕ್ ಬಂದೆ?" ಎಂದರು. ಮೂವತ್ತು ವರ್ಷ ಪತ್ರಿಕೆಯಲ್ಲಿ ದುಡಿದ ನಾನು ಹೋಗಿ ಸಾಲಿನ ಕೊನೆಗೆ ನಿಂತೆ.

ಹೊಂಬಾಳಮ್ಮ ಮಕ್ಕಳ ಕತೆಗಾರ್ತಿ. ಈ ಪದವನ್ನು ಅವರೆದುರು ಬಳಸಿದರೆ ಬೈಸಿಕೊಳ್ಳಬೇಕಾಗುತ್ತದೆ, ನಾನಾಗಲೇ ಬೈಸಿಕೊಂಡಿದ್ದೇನೆ. ಪುಸ್ತಕದಿಂದ ಒಂದೂ ಕತೆ ಹೇಳಿದವರಲ್ಲ. ಬೆಳಗ್ಗೆ ಡೈರಿ ಸಾಲಿನಲ್ಲಿ ಯಾವ ಮನೆಯಲ್ಲಿ ಯಾವ ಅಕ್ಕ ತಂಗಿ, ಯಾವ ಅಣ್ಣ ತಮ್ಮ ಕಿತ್ತಾಡಿಕೊಂಡರು ಎಂದು ತಿಳಿದುಕೊಳ್ಳುತ್ತಾರೆ. ಒಂಬತ್ತೂವರೆಗೆ ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವಾಗ ಗಾಯಗಳನ್ನು ಕಣ್ಣಾರೆ ನೋಡುತ್ತಾರೆ. ಹನ್ನೊಂದು ಗಂಟೆಗೆ ಅಡುಗೆ ಒಲೆಯ ಮೇಲಿರುವಾಗ ಅದೇ ಜಗಳ ಎರಡು ಮೇಕೆಮರಿಗಳ ಕತೆಯಾಗಿ ಹೊರಗೆ ಬರುತ್ತದೆ. ಮರಿಗಳ ಹೆಸರು ಇಪ್ಪತ್ತಮೂರು ವರ್ಷದಿಂದ ಬದಲಾಗಿಲ್ಲ: ದೊಡ್ಡಮರಿ, ಚಿಕ್ಕಮರಿ. ಮೇಕೆಗೆ ರಿಮೋಟು ಎಲ್ಲಿಂದ ಬಂತು ಎಂದು ಯಾವ ಮಗುವೂ ಇದುವರೆಗೆ ಕೇಳಿಲ್ಲವಂತೆ.

"ನೀನ್ ಮಾತ್ರ ಕೇಳ್ದೆ ನೋಡು," ಎನ್ನುತ್ತಾರೆ ಹೊಂಬಾಳಮ್ಮ, ನನ್ನ ಬುದ್ಧಿಮಟ್ಟದ ಬಗ್ಗೆ ಮರುಕದಿಂದ.

ಅಂಗನವಾಡಿಯಲ್ಲಿ ಹದಿನೆಂಟು ಮಕ್ಕಳು. ದಿನಕ್ಕೊಂದು ಕತೆ. ನಾನು ರಜಾದಿನಗಳನ್ನು ಕಳೆದು ಲೆಕ್ಕ ಹಾಕಿ, ಇದುವರೆಗೆ ಐದು ಸಾವಿರಕ್ಕಿಂತ ಹೆಚ್ಚು ಕತೆ ಹೇಳಿದ್ದೀರಿ ಎಂದು ಸಂಭ್ರಮದಿಂದ ಹೇಳಿದೆ. ಅವರಿಗೇನೂ ಅನ್ನಿಸಲಿಲ್ಲ. "ಐದ್ ಸಾವ್ರನೂ ಇಲ್ಲ, ಮಣ್ಣೂ ಇಲ್ಲ. ಎಲ್ಲಾ ಮನೇಲೂ ಒಂದೇ ಜಗಳ ಸಾ. ಅಮ್ಮ ಯಾರೋಳು ಅಂತ. ರಿಮೋಟು, ಪೆನ್ಸಿಲ್ಲು, ಕಿಟಕಿ ಸೀಟು ಎಲ್ಲಾ ಸುಮ್ನೆ ನೆಪ." ಊರಿನ ಜಗಳ ಸಾಲದೆ ಬಂದ ದಿನ ಮದ್ದೂರಿನಲ್ಲಿರುವ ಮಗಳು ಕುಸುಮಳಿಗೆ ಫೋನ್ ಮಾಡುತ್ತಾರೆ. ಮೊಮ್ಮಕ್ಕಳಿಬ್ಬರೂ ಅವಳಿ, ಸರಬರಾಜಿಗೆ ಕೊರತೆಯಿಲ್ಲ.

ಇವರ ಕತೆಯಲ್ಲಿ ನೀತಿ ಇರುವುದಿಲ್ಲ. 'ದೊಡ್ಡವಳು ನೀನು, ಬಿಟ್ಟುಕೊಡಬೇಕು' ಎಂಬ ಮಾತು ದೊಡ್ಡಮರಿಗೆ ಯಾರೂ ಹೇಳುವಂತಿಲ್ಲ. ದೊಡ್ಡಮರಿ ಸಿಟ್ಟಾಗಬಹುದು, ಗುದ್ದಬಹುದು, ಊರು ಬಿಟ್ಟು ಹೋಗುತ್ತೇನೆ ಎಂದು ಬೇಲಿವರೆಗೆ ಹೋಗಬಹುದು. ಆದರೆ ಕತೆ ಮುಗಿಯುವ ಮೊದಲು ಯಾರಾದರೂ ಒಬ್ಬರು ಅದರ ಸಿಟ್ಟು ಎಷ್ಟಿತ್ತು ಎಂದು ಕೇಳಲೇಬೇಕು. ಅದೊಂದೇ ಕಟ್ಟುನಿಟ್ಟು.

ಈ ಕಟ್ಟುನಿಟ್ಟು ಎಲ್ಲಿಂದ ಬಂತು ಎಂದು ಕೇಳಿದ್ದಕ್ಕೆ, ಅಂಗನವಾಡಿಯ ಅಂಗಳ ಗುಡಿಸುತ್ತಿದ್ದವರು ಪೊರಕೆ ನಿಲ್ಲಿಸಿ ಅತ್ತಿತ್ತ ನೋಡಿದರು. ಅವರು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟದ್ದು ತಮ್ಮ ಲಿಂಗಯ್ಯನನ್ನು ನೋಡಿಕೊಳ್ಳುವುದಕ್ಕೆ. "ನನ್ ಪಾಟಿ ಕಿತ್ಕಂಡು ಅವುನ್ನ ಸೊಂಟುಕ್ ಕೂರುಸ್ಬುಟ್ರು. ಸಿಟ್ಟು ಬರಕಿಲ್ವಾ? ದಿನಾ ಒಂದ್ಸಲ ಚೂಟ್ತಿದ್ದೆ. ಅತ್ರೆ ಇರುವೆ ಕಚ್ತು ಅಂತಿದ್ದೆ. ನಮ್ಮವ್ವ ಪಾಪ ಮನೆ ತುಂಬಾ ಇರುವೆ ಪುಡಿ ಆಕೋಳು." ಲಿಂಗಯ್ಯ ಈಗ ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸಕ್ಕಿದ್ದಾರೆ. ಹಾವು ಕಂಡರೆ ಕೋಲಿನಲ್ಲಿ ಎತ್ತಿ ಆಚೆ ಬಿಡುವ ಮನುಷ್ಯ, ಇರುವೆ ಕಂಡರೆ ಕಟ್ಟೆ ಬಿಟ್ಟು ಎದ್ದು ನಿಲ್ಲುತ್ತಾರಂತೆ. "ಬರ್ದ್‌ಗಿರ್ದೀಯ ಮತ್ತೆ," ಎಂದರು ಹೊಂಬಾಳಮ್ಮ. ಆಮೇಲೆ ಅವರೇ ಯೋಚಿಸಿ, "ಬರಿ ಬುಡು. ಐವತ್ತು ವರ್ಸ ಆಯ್ತು, ಅವ್ನಿಗೂ ಗೊತ್ತಾಗ್ಲಿ," ಎಂದರು. ಆದ್ದರಿಂದ ಬರೆದಿದ್ದೇನೆ. ಲಿಂಗಯ್ಯನವರು ಕ್ಷಮಿಸಬೇಕು.

ಇಷ್ಟೆಲ್ಲ ಇದ್ದರೂ ನಾನು ಹೋದ ದಿನಕ್ಕೆ ಹೊಂಬಾಳಮ್ಮ ಕತೆ ಹೇಳಿ ಹನ್ನೊಂದು ದಿನವಾಗಿತ್ತು. ಹೇಳಕೂಡದೆಂದು ಅಪ್ಪಣೆಯಾಗಿತ್ತು. ಕಾರಣವಾದ ಸಂಗತಿ ಮಂಡ್ಯದ ಬಸ್‌ಸ್ಟ್ಯಾಂಡಿನ ಕಾಫಿ ಅಂಗಡಿಯವರೆಗೂ ಬಂದಿತ್ತು, ನಾನು ಕೇಳಿದ್ದೂ ಅಲ್ಲೇ. ಯಾರೋ ಒಂದು ಹುಡುಗಿ ತನ್ನ ತಮ್ಮನನ್ನು ಡೈರಿಗೆ ಹಾಕಿದಳಂತೆ ಎಂದು. ಅದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ಹುಡುಗಿಯ ಹೆಸರು ಮಂಜುಶ್ರೀ, ನಾಲ್ಕೂವರೆ ವರ್ಷ. ತಮ್ಮ ಪ್ರೀತಂ, ಎಂಟು ತಿಂಗಳು. ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ಮಕ್ಕಳ ತೂಕ ನೋಡುತ್ತಾರೆ. ಆ ದಿನ ತಾಯಿ ರೂಪ ಪ್ರೀತಂನನ್ನು ತಕ್ಕಡಿಯಲ್ಲಿ ಕೂರಿಸಿದರು. ಅರ್ಧ ಕೆಜಿ ಏರಿದ್ದಾನೆ ಎಂದು ಟೀಚರ್ ಶೋಭಾರಾಣಿ ಕೂಗಿ ಹೇಳಿದ್ದೇ ತಡ, ಅಲ್ಲಿದ್ದ ಹೆಂಗಸರೆಲ್ಲ ಸೇರಿ ಅವನ ಕೆನ್ನೆ ಹಿಂಡಿ, ತೊಡೆ ಹಿಂಡಿ, ದೃಷ್ಟಿ ತೆಗೆದು, ಅವನು ಏನೋ ದೊಡ್ಡ ಸಾಧನೆ ಮಾಡಿದ ಹಾಗೆ ಕೊಂಡಾಡಿದರು. ಮಂಜುಶ್ರೀಯೂ ತಕ್ಕಡಿ ಹತ್ತಿದಳು. ಅವಳ ತೂಕವನ್ನು ಟೀಚರ್ ಬರೆದುಕೊಂಡರು, ಯಾರೂ ಕೂಗಿ ಹೇಳಲಿಲ್ಲ. ಅವಳು ಇಳಿಯದೆ ಅಲ್ಲೇ ನಿಂತಿದ್ದಳು. ಇದನ್ನು ನೋಡಿದವರು ಹೊಂಬಾಳಮ್ಮ ಒಬ್ಬರೇ.

ರೂಪ ಮಗುವನ್ನು ಎತ್ತಿಕೊಂಡು ಮನೆಗೆ ಹೋದ ಮೇಲೆ, ಹನ್ನೊಂದಕ್ಕೆ ಕತೆ ಶುರುವಾಯಿತು. ಎಲ್ಲರೂ ಚಿಕ್ಕಮರಿಯನ್ನೇ ಮುದ್ದು ಮಾಡುತ್ತಿದ್ದಾರೆ. ದೊಡ್ಡಮರಿಗೆ ಕೆಂಡದಂಥ ಸಿಟ್ಟು. ಚಿಕ್ಕಮರಿಯನ್ನು ದರದರ ಎಳೆದುಕೊಂಡು ಹೋಗಿ ಡೈರಿ ಸಾಲಿನಲ್ಲಿ ನಿಂತು, "ಇದುನ್ನ ಆಕ್ಕೊಳ್ಳಿ, ನಮ್ಗೆ ಬ್ಯಾಡ" ಎಂದಿತು. ಅಷ್ಟರಲ್ಲಿ ಬೇಳೆ ಉಕ್ಕಿ ಗ್ಯಾಸು ಆರಿಹೋಯಿತು. ಹೊಂಬಾಳಮ್ಮ ಎದ್ದು ಓಡಿದರು. ಒಲೆ ಒರೆಸಿ, ಮತ್ತೆ ಬೇಳೆ ಇಟ್ಟು, ಮೊಟ್ಟೆ ಸುಲಿಯುವಷ್ಟರಲ್ಲಿ ಊಟದ ಹೊತ್ತಾಯಿತು. "ಉಳ್ದಿದ್ದು ನಾಳಿಕ್ ಯೋಳ್ತೀನಿ," ಎಂದುಬಿಟ್ಟರು. ಇಪ್ಪತ್ತಮೂರು ವರ್ಷದಲ್ಲಿ ಕತೆ ಅರ್ಧಕ್ಕೆ ನಿಂತದ್ದು ಅದೇ ಮೊದಲು.

ಮಂಜುಶ್ರೀ ನಾಳೆವರೆಗೆ ಕಾಯಲಿಲ್ಲ. ಮರುದಿನ ಬೆಳಗ್ಗೆ ತಾಯಿ ಕೊಟ್ಟಿಗೆಯಲ್ಲಿದ್ದಾಗ, ಪ್ರೀತಂಗೆ ಸ್ನಾನ ಮಾಡಿಸುವ ಪ್ಲಾಸ್ಟಿಕ್ ಟಬ್ಬಿನಲ್ಲಿ ಅವನನ್ನು ಉರುಳಿಸಿ, ಟಬ್ಬಿನ ಹಿಡಿಗೆ ಲಂಗದ ಲಾಡಿ ಕಟ್ಟಿ, ಮನೆಯಿಂದ ಅರವತ್ತು ಹೆಜ್ಜೆ ದೂರದ ಡೈರಿಗೆ ಎಳೆದುಕೊಂಡು ಬಂದಳು. ಪ್ರೀತಂಗೆ ಈ ಸವಾರಿ ಬಹಳ ಹಿಡಿಸಿತೆಂದು ನೋಡಿದವರು ಹೇಳುತ್ತಾರೆ. ಸಾಲಿನಲ್ಲಿ ಅವಳು ಎಂಟನೆಯವಳು. ಯಾರೂ ಕೆಳಗೆ ನೋಡಲಿಲ್ಲ. ಯಾರೋ ಒಬ್ಬರು ನಡುವೆ ನುಗ್ಗಿದಾಗ, "ಆ ಮಗ ಮುಂಚೆಯಿಂದ ನಿಂತದೆ, ಇಂದಕ್ಕೋಗ್ಲಾ" ಎಂದು ಅವಳ ಪರವಾಗಿ ಜಗಳವೂ ಆಯಿತು.

ಡೈರಿ ಕಾರ್ಯದರ್ಶಿ ಪುಟ್ಟಸ್ವಾಮಿ ತಲೆ ಎತ್ತದೆ ಬರೆಯುವವರು. "ಎಷ್ಟು ಲೀಟ್ರು?" ಎಂದರು.

"ಒಂದು," ಎಂದಳು ಮಂಜುಶ್ರೀ.

"ಉಯ್ಯಿ ಇಲ್ಲಿಗೆ."

"ಉಯ್ಯಕ್ ಆಗಕಿಲ್ಲ. ನೀವೇ ಎತ್ಕಳಿ."

ಪುಟ್ಟಸ್ವಾಮಿ ಬಗ್ಗಿ ನೋಡಿದರು. ಟಬ್ಬಿನಲ್ಲಿ ಕಾಲು ಬೆರಳು ಚೀಪುತ್ತ ಪ್ರೀತಂ ಮಲಗಿದ್ದ. "ನನ್ ಕೈಲಿದ್ದ ಆಲಿನ್ ಡಿಗ್ರಿ ನೋಡೋ ಲ್ಯಾಕ್ಟೋಮೀಟ್ರು ಕೆಳಕ್ ಬಿತ್ತು," ಎಂದು ಅವರು ಈಗಲೂ ಹೇಳುತ್ತಾರೆ. ಅವರು ಕೂಗಿದ ಕೂಗಿಗೆ ಇಡೀ ಬೀದಿ ಸೇರಿತು. ರೂಪ ಸೆಗಣಿ ಕೈಯಲ್ಲೇ ಓಡಿಬಂದು ಮಗನನ್ನು ಎದೆಗವುಚಿಕೊಂಡರು, ಇನ್ನೊಂದು ಕೈಯಲ್ಲಿ ಮಗಳ ಬೆನ್ನಿಗೆ ಬಾರಿಸಿದರು. ಮಂಜುಶ್ರೀ ಅಳಲಿಲ್ಲವಂತೆ. ಅಜ್ಜಿ ಚಿಕ್ಕಲಕ್ಷ್ಮಮ್ಮ, ಅಂದರೆ ರೂಪರ ಅತ್ತೆ, ನೆಟ್ಟಗೆ ಅಂಗನವಾಡಿಗೆ ಬಂದು, "ಇಂಥ ಕತೆ ಯೋಳ್ಕೊಡಕ್ಕಾ ನಿನ್ನ ಮಡಗಿರದು?" ಎಂದು ಹೊಂಬಾಳಮ್ಮನ ಜನ್ಮ ಜಾಲಾಡಿದರು. ಸಂಜೆಗೆ ದೂರು ಮೇಲಕ್ಕೆ ಹೋಯಿತು. ವಿಚಾರಣೆ ಮುಗಿಯುವವರೆಗೆ ಕತೆ ಬಂದ್ ಎಂಬ ಅಪ್ಪಣೆ ಕೆಳಕ್ಕೆ ಬಂತು. ಮಂಜುಶ್ರೀಯನ್ನು ಅಂಗನವಾಡಿಗೆ ಕಳಿಸುವುದನ್ನೂ ಮನೆಯವರು ನಿಲ್ಲಿಸಿದರು.

ಹೊಂಬಾಳಮ್ಮ ಇದನ್ನೆಲ್ಲ ನಗುನಗುತ್ತಲೇ ಹೇಳಿದರು, ಕೊನೆಯ ಮಾತಿನವರೆಗೆ. ಅಲ್ಲಿ ನಗು ನಿಲ್ಲಿಸಿ ಪೊರಕೆಯನ್ನು ಗೋಡೆಗೆ ಒರಗಿಸಿದರು. "ಬೈದದ್ದಕ್ ಬ್ಯಾಸ್ರ ಇಲ್ಲ ಸಾ. ನನ್ ತಪ್ಪೇಯ. ಆ ಮಗೀಗೆ ಅರ್ಧ ಸಿಟ್ಟು ಕೊಟ್ಟು ಮನೆಗ್ ಕಳುಸ್ಬುಟ್ಟೆ. ಉಳ್ದರ್ಧ ನನ್ತಾವ್ಲೇ ಉಳ್ಕಂಡದೆ. ಅವಳ್ಗೆ ಆ ಕತೆ ಏಟು ತಿನ್ನೋದ್ರಲ್ಲಿ ಮುಗುದೋಯ್ತು. ಕೆಲ್ಸ ತಗುದ್ರೆ ತಗೀಲಿ, ಒಂದ್ಸಲ ಅವಳ್ಗೆ ಪೂರ್ತಿ ಯೋಳ್ಬೇಕು." ಎರಡು ಸಲ ಮನೆಗೇ ಹೋಗಿ ನೋಡಿದ್ದಾರೆ. ಎರಡು ಸಲವೂ ಚಿಕ್ಕಲಕ್ಷ್ಮಮ್ಮ ಬಾಗಿಲಿಗೆ ಅಡ್ಡ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರಂತೆ.

ನಾನು ಹೋದ ದಿನವೇ ವಿಚಾರಣೆ. ಹತ್ತೂವರೆಗೆ ಮೇಲ್ವಿಚಾರಕಿ ಮೇಡಂ ಸ್ಕೂಟರಿನಲ್ಲಿ ಬಂದರು. ಚಿಕ್ಕಲಕ್ಷ್ಮಮ್ಮ ಸಾಕ್ಷಿಗೆಂದು ಆ ಟಬ್ಬನ್ನೇ ಹೊತ್ತು ತಂದಿದ್ದರು. ಹಿಂದೆ ಪ್ರೀತಂನನ್ನು ಎತ್ತಿಕೊಂಡ ರೂಪ, ಅವರ ಸೆರಗಿನ ತುದಿ ಹಿಡಿದ ಮಂಜುಶ್ರೀ. ಹದಿನೇಳು ಮಕ್ಕಳು ಚಾಪೆಯ ಮೇಲೆ ಅವಳಿಗೆ ಜಾಗ ಬಿಟ್ಟರು. ಅವಳು ಕೂರಲಿಲ್ಲ.

ಮೇಡಂ ಒಳ್ಳೆಯವರೇ, ಆದರೆ ಕಾಗದ ನಂಬುವವರು. ಹೊಸ ನಿಯಮವೊಂದನ್ನು ಹೇಳಿದರು. ಇನ್ನು ಮುಂದೆ ಹೇಳುವ ಕತೆಯನ್ನು ಹಿಂದಿನ ದಿನವೇ ಬರೆದು ಟೀಚರ್ ಸಹಿ ಹಾಕಿಸಬೇಕು.

ಹೊಂಬಾಳಮ್ಮ ಗಲ್ಲಕ್ಕೆ ಕೈ ಇಟ್ಟರು. "ಅಯ್ಯೋ ಮೇಡಂ, ನಾಳೆ ಬೆಳಿಗ್ಗೆ ಆಗೋ ಜಗಳಾನ ಇವತ್ತೇ ಎಂಗ್ ಬರ್ಯದು?"

"ಹಾಗಾದ್ರೆ ನಿನ್ನೆ ಜಗಳ ನಾಳೆ ಹೇಳಿ."

"ಅಳಸೋಯ್ತದೆ ಮೇಡಂ. ಅಷ್ಟೊತ್ಗೆ ಅವು ರಾಜಿ ಆಗಿರ್ತವೆ. ನಾವು ಕತೆ ಯೋಳಿ ಮತ್ತೆ ಎತ್ಕಟ್ದಂಗಾಯ್ತದೆ."

ಟೀಚರ್ ಶೋಭಾರಾಣಿ ಕಿಟಕಿ ಕಡೆ ತಿರುಗಿ ಕೆಮ್ಮಿದರು. ಮೇಡಂ ಪೆನ್ನಿನ ಮುಚ್ಚಳ ತೆಗೆದು ಗಂಭೀರವಾಗಿ, "ಅದಿರಲಿ. ಅವತ್ತು ಮಕ್ಕಳಿಗೆ ಏನು ಹೇಳಿದ್ರಿ? ಇಲ್ಲಿ ಹೇಳಿ, ಬರೆದುಕೊಳ್ತೀನಿ," ಎಂದರು.

"ಅರ್ಧ ಯೋಳ್ಲಾ, ಪೂರ್ತಿ ಯೋಳ್ಲಾ?"

"ಇದೇನು ಪ್ರಶ್ನೆ? ಪೂರ್ತಿ ಹೇಳಿ."

ಹೊಂಬಾಳಮ್ಮನ ಮುಖ ನೋಡಬೇಕಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಚಾಪೆಯ ಮೇಲೆ ಕೂತೇಬಿಟ್ಟರು, ಮೇಡಂಗೆ ಬೆನ್ನು ಹಾಕಿ, ಮಂಜುಶ್ರೀಗೆ ಮುಖ ಮಾಡಿ. ಒಂದಾನೊಂದು ಊರಲ್ಲಿ ಎಂದು ಶುರು ಮಾಡುವ ಪದ್ಧತಿ ಅವರದಲ್ಲ. "ಚಿಕ್ಕಮರಿಗೆ ತೂಕ ಬಂತು ಅಂತ ಎಲ್ರೂ ಕುಣುದ್ರು. ದೊಡ್ಡಮರಿ ತಕ್ಡಿ ಮೇಲೆ ನಿಂತೇ ಇತ್ತು, ಯಾರೂ ಕೇಳ್ನಿಲ್ಲ," ಎಂದು ನೇರ ಅಲ್ಲಿಂದಲೇ ಹಿಡಿದರು. ರೂಪ ತಲೆ ಎತ್ತಿದರು. ಈ ಭಾಗ ಅವರಿಗೆ ಯಾರೂ ಹೇಳಿರಲಿಲ್ಲ.

ದೊಡ್ಡಮರಿ ಡೈರಿಗೆ ಹೋಯಿತು. ಸಾಲಿನಲ್ಲಿ ನಿಂತಿತು. ಇದುನ್ನ ಆಕ್ಕೊಳ್ಳಿ ಎಂದಿತು. ಅಷ್ಟರಲ್ಲಿ ಅಂಗನವಾಡಿಯ ಒಲೆಯಿಂದ ತಳ ಹಿಡಿಯುತ್ತಿರುವ ಅನ್ನದ ವಾಸನೆ ಬಂತು. ಮಕ್ಕಳೆಲ್ಲ ಒಲೆಯ ಕಡೆ ನೋಡಿದರು. ಟೀಚರ್ ಏಳಲು ಹೋದರೆ ಮೇಡಂ, "ಕೂತ್ಕೊಳ್ರೀ, ಆಮೇಲೇನಾಯ್ತು?" ಎಂದರು. ಅವರು ಬರೆಯುವುದನ್ನು ಯಾವಾಗಲೋ ಬಿಟ್ಟಿದ್ದರು.

"ಡೈರಿಯವ್ನು ಚಿಕ್ಕಮರಿಗೆ ಡಿಗ್ರಿ ಆಕ್ದ. ಡಿಗ್ರೀಲಿ ಇದು ತಮ್ಮ ಅಂತ ಬಂತು. ತಮ್ಮ ಆದ್ರೆ ನಾವು ಆಕ್ಕಳಕಿಲ್ಲ, ಆಲು ಮಾತ್ರ ಆಕ್ಕಳದು, ವಾಪಸ್ ತಗಂಡೋಗು ಅಂದ. ದೊಡ್ಡಮರಿ ಅಲ್ಲೇ ಕೂತ್ಕತು. ಇದುನ್ನ ತಗಂಡ್ ಮನೆಗ್ ಓದ್ರೂ ಬೈತಾರೆ, ಬುಟ್ ಓದ್ರೂ ಬೈತಾರೆ. ಅಷ್ಟೊತ್ಗೆ ಅವ್ವ ಮೇಕೆ ಉಡೀಕಂಡ್ ಬಂತು."

ಮಂಜುಶ್ರೀ ಸೆರಗು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು. "ಒಡುದ್ಲಾ?" ಎಂದಳು. ಹನ್ನೊಂದು ದಿನದಲ್ಲಿ ಈ ಕೋಣೆಯಲ್ಲಿ ಅವಳ ಮೊದಲ ಮಾತು.

"ಇಲ್ಲ ಕಣವ್ವ. ಎಷ್ಟು ಸಿಟ್ ಬಂದಿತ್ತು ನಿಂಗೆ ಅಂತ ಕೇಳುದ್ಲು. ಒಂದು ಕ್ಯಾನು ಅಂತು ದೊಡ್ಡಮರಿ. ಬರೀ ಒಂದೇ ಕ್ಯಾನಾ ಅಂದ್ಲು. ಇಲ್ಲ, ಡೈರೀಲಿರೋ ಅಷ್ಟು ಕ್ಯಾನು ಅಂತು. ಅಷ್ಟೂನೂ ಇಲ್ಲೇ ಸುರುದ್ಬುಡು, ಓಗನ ಅಂದ್ಲು. ಅಂದ್ಬುಟ್ಟು ಎತ್ಕಂಡ್ಲು."

"ಚಿಕ್ಕಮರೀನಾ?"

"ಮೊದ್ಲು ದೊಡ್ಡಮರೀನ."

ಅನ್ನ ಒಳಗೆ ನೆಮ್ಮದಿಯಾಗಿ ಸೀಯುತ್ತಿದೆ. ಚಿಕ್ಕಲಕ್ಷ್ಮಮ್ಮ ಟಬ್ಬಿನ ಅಂಚು ಹಿಡಿದುಕೊಂಡು, "ಇಷ್ಟು ಐತೆ ಅಂತ ನಂಗ್ಯಾರೂ ಯೋಳ್ಲೇ ಇಲ್ವಲ್ಲ," ಎಂದು ಗೊಣಗಿ ಮೂಗು ಒರೆಸಿಕೊಂಡರು. ಅವರೂ ಒಡಹುಟ್ಟಿದ ಆರು ಜನರಲ್ಲಿ ಹಿರಿಯವರಂತೆ.

ಮಂಜುಶ್ರೀಗೆ ಮಾತ್ರ ಇನ್ನೂ ಸಮಾಧಾನವಾಗಿರಲಿಲ್ಲ. ಹುಬ್ಬು ಗಂಟು ಹಾಕಿ, "ಮೊದ್ಲು ದೊಡ್ಡಮರೀನ ಎತ್ಕಬೇಕು ಅಂತ ಅವ್ವ ಮೇಕೆಗೆ ಯಾರ್ ಯೋಳ್ಕೊಟ್ರು?" ಎಂದಳು.

ಐದು ಸಾವಿರ ಕತೆ ಹೇಳಿದ ಹೊಂಬಾಳಮ್ಮ ಇದಕ್ಕೆ ತಬ್ಬಿಬ್ಬಾದರು. ಉತ್ತರ ಬಾಗಿಲ ಕಡೆಯಿಂದ ಬಂತು.

"ಯಾರೂ ಯೋಳ್ಕೊಡ್ನಿಲ್ಲ ಕಣವ್ವ," ಎಂದರು ರೂಪ. ಕಣ್ಣಲ್ಲಿ ನೀರು ತುಂಬಿ ಅವರಿಗೆ ಎದುರಿಗಿರುವುದು ಕಾಣುತ್ತಿರಲಿಲ್ಲ. "ಅವ್ಳಿಗೆ ತಡವಾಗಿ ಗೊತ್ತಾಯ್ತು."

ಮಂಜುಶ್ರೀ ತಾಯಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಸೊಂಟಕ್ಕೆ ಕೈ ಕೊಟ್ಟಳು. "ಗೊತ್ತಾದ್ರೆ ಎತ್ಕ ಮತ್ತೆ," ಎಂದಳು.

ರೂಪ ಪ್ರೀತಂನನ್ನು ಯಾರ ಕೈಗಾದರೂ ಕೊಡಬೇಕಿತ್ತು, ಹತ್ತಿರ ಇದ್ದವನು ನಾನು. ನನ್ನ ಪುಸ್ತಕ ಒಂದು ಕಡೆ, ಪೆನ್ನು ಇನ್ನೊಂದು ಕಡೆ ಬಿದ್ದವು. ಎಂಟು ತಿಂಗಳ ಆ ಮಹಾಶಯ ನನ್ನ ಕನ್ನಡಕ ಕಿತ್ತು ಬಾಯಿಗಿಟ್ಟುಕೊಂಡ. ಮಂಜಾಗಿ ಕಂಡದ್ದು ಇಷ್ಟು: ನಾಲ್ಕೂವರೆ ವರ್ಷದ ಹುಡುಗಿ ತಾಯಿಯ ಕುತ್ತಿಗೆಗೆ ಜೋತುಬಿದ್ದು ಹನ್ನೊಂದು ದಿನದ ಅಳುವನ್ನೆಲ್ಲ ಜೋರಾಗಿ ಅತ್ತಳು. ಹೊಂಬಾಳಮ್ಮ ಮೊಣಕಾಲಿಗೆ ಕೈಯೂರಿ ಎದ್ದು, ಮೂಗಿಗೆ ಸೆರಗು ಹಿಡಿದು ಒಲೆಯ ಕಡೆ ಹೊರಟರು. ನನ್ನ ಪಕ್ಕ ಬಂದಾಗ ನಿಂತು ಚಾಪೆಯ ಮೇಲಿನ ಮಕ್ಕಳ ಕಡೆ ತಿರುಗಿ ನೋಡಿದರು. ಬರೆದುಕೊಳ್ಳಲು ಕೈ ಖಾಲಿ ಇರಲಿಲ್ಲ, ನೆನಪಿನಿಂದ ಬರೆಯುತ್ತಿದ್ದೇನೆ.

"ಒಂದು ಮುಗೀತು ಸಾ," ಎಂದರು ಹೊಂಬಾಳಮ್ಮ. "ಇನ್ನ ಅದ್ನೇಳ್ ಅವೆ."